ಮಳೆಗಾಲದ ಹಗ್ಗ

ಹಳೆಯ ಕಬ್ಬಿಣದ ಹಡಗಿನ ತಳ ಗಟ್ಟಿಯಿದೆಯೋ ಇಲ್ಲವೋ ಎಂದು ತಿಳಿಯಲು ಕಣ್ಣು ಸಾಲದು. ಬಣ್ಣ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಸಣ್ಣದೊಂದು ಸುತ್ತಿಗೆ ಹಿಡಿದು ತಗಡಿನ ಮೇಲೆ ಅಂಗೈ ಅಗಲಕ್ಕೊಂದು ಪೆಟ್ಟು ಹಾಕುತ್ತಾ ಹೋಗಬೇಕು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದ ಕಬ್ಬಿಣ ಒದ್ದೆ ಹಲಗೆಯ ಹಾಗೆ ದಬ್ ಎನ್ನುತ್ತದೆ. ಆ ಮೇ ತಿಂಗಳಲ್ಲಿ ನಾನು ಬಾಯ್ಲರಿನ ಅಡಿಗೆ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಹೊಡೆದು ನೋಡಿದಾಗ, ಬಲಮಗ್ಗುಲಿನ ಮೂರು ತಗಡುಗಳು ದಬ್ ಎಂದವು.

ಹೊಸ ಪೈಸೆ ಬಂದು ಎರಡು ವರ್ಷವಾಗಿದ್ದ ಕಾಲ ಅದು. ಮಂಗಳೂರು ಬಂದರಿನ ಒಬ್ಬ ವ್ಯಾಪಾರಿಯ ಉಗಿಹಡಗಿನಲ್ಲಿ ನಾನು ಇಂಜಿನ್ ಡ್ರೈವರ್. ವ್ಯಾಪಾರಿಯನ್ನು ನಾವೆಲ್ಲ ದಣಿ ಎಂದು ಕರೆಯುತ್ತಿದ್ದೆವು, ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಹೆಸರು ಬರೆದು ಅವರ ಮೊಮ್ಮಕ್ಕಳಿಗೆ ಮುಜುಗರ ಮಾಡುವ ಆಸೆ ನನಗಿಲ್ಲ. ಹಡಗಿನ ಹಿಂಬದಿಯಲ್ಲಿ ಯಾರೋ ಇಂಗ್ಲಿಷ್ ಹೆಂಗಸಿನ ಹೆಸರು ಹಿತ್ತಾಳೆಯ ಅಕ್ಷರಗಳಲ್ಲಿತ್ತು, ಅರ್ಧ ಅಕ್ಷರಗಳು ಉದುರಿಹೋಗಿದ್ದವು. ನಮಗೆ ಅದು ದೊಡ್ಡಮ್ಮ. ಇಂಜಿನ್ನಿನ ಮೇಲಿದ್ದ ಫಲಕದಲ್ಲಿ ಹದಿನೆಂಟು ಎನ್ನುವುದಷ್ಟೇ ಓದಲು ಬರುತ್ತಿತ್ತು, ಉಳಿದ ಎರಡು ಅಂಕೆಗಳನ್ನು ನನಗಿಂತ ಮೊದಲಿನ ಡ್ರೈವರುಗಳು ತಿಕ್ಕಿ ತಿಕ್ಕಿ ಸವೆಸಿದ್ದರು. ವಿಕ್ಟೋರಿಯಾ ರಾಣಿ ಬದುಕಿದ್ದಾಗ ಕಟ್ಟಿದ ಹಡಗು. ಉಕ್ಕಿನದಲ್ಲ, ಅಪ್ಪಟ ಕಬ್ಬಿಣದ್ದು. ಆ ಕಾಲದವರು ಲೆಕ್ಕ ಹಾಕದೆ ದಪ್ಪ ದಪ್ಪ ತಗಡು ಹಾಕಿದ್ದರಿಂದಲೇ ಅದು ನಮ್ಮ ಕಾಲದವರೆಗೆ ಬಂದದ್ದು.

ಅದರ ಕೆಲಸ ಸರಳ. ಸೆಪ್ಟೆಂಬರಿನಿಂದ ಮೇವರೆಗೆ ಮಂಗಳೂರು ಹಂಚು ಹೊತ್ತುಕೊಂಡು ಬೊಂಬಾಯಿಗೆ ಹೋಗುವುದು, ಅಲ್ಲಿಂದ ಉಪ್ಪು ತುಂಬಿಕೊಂಡು ಬರುವುದು. ಹೊಳೆ ಕಡಲು ಸೇರುವ ನಮ್ಮ ಅಳಿವೆಯಲ್ಲಿ ನೀರು ಕಡಿಮೆ, ತುಂಬಿದ ಹಡಗು ನದಿಯೊಳಗೆ ಬರಲಾಗದು. ಹೊರಗೆ ಕಡಲಿನಲ್ಲಿ ಲಂಗರು ಹಾಕಿ ನಿಲ್ಲಬೇಕು. ಹಂಚುಗಳು ದೋಣಿಯಲ್ಲಿ ಬಂದು, ಕೈಯಿಂದ ಕೈಗೆ ಹತ್ತಿ, ಬೈಹುಲ್ಲಿನ ನಡುವೆ ಕೂರುತ್ತಿದ್ದವು. ಹಂಚಿನಿಂದ ಹಡಗಿಗೆ ಏನೂ ತೊಂದರೆಯಿಲ್ಲ. ದೊಡ್ಡಮ್ಮನನ್ನು ತಿಂದದ್ದು ಉಪ್ಪು. ಉಪ್ಪಿನ ನೀರು ತಳಕ್ಕಿಳಿದು, ಬಾಯ್ಲರಿನ ಬಿಸಿಗೆ ಬೆಂದು, ಆ ಮೂರು ತಗಡುಗಳನ್ನು ಒಳಗಿನಿಂದಲೇ ಕೊರೆದಿತ್ತು.

ಮಳೆಗಾಲ ಶುರುವಾಗುವ ಮೊದಲು, ಖಾಲಿ ಹಡಗನ್ನು ಹುಣ್ಣಿಮೆಯ ಉಬ್ಬರದಲ್ಲಿ ಅಳಿವೆ ದಾಟಿಸಿ ಗುರುಪುರ ಹೊಳೆಯೊಳಗೆ ತಂದು ಎದುರು ದಡದ ಬೆಂಗ್ರೆಯ ಬದಿಯಲ್ಲಿ ಕಟ್ಟುತ್ತಿದ್ದೆವು. ಹೊಳೆ ನೆರೆ ಬಂದಾಗ ಸಣ್ಣ ಹಗ್ಗಗಳು ನಿಲ್ಲುವುದಿಲ್ಲ. ಅದಕ್ಕೆಂದೇ ತೊಡೆಗಾತ್ರದ ತೆಂಗಿನ ನಾರಿನ ಹಗ್ಗವೊಂದಿತ್ತು, ಜೊತೆಗೆ ಎರಡು ಹಳೆಯ ಲಂಗರು, ಒಂದಿಷ್ಟು ಸರಪಳಿ. ಎಲ್ಲ ಸೇರಿ ಅದಕ್ಕೆ ಮಳೆಗಾಲದ ಹಗ್ಗ ಎಂದು ಹೆಸರು. ಸೆಪ್ಟೆಂಬರಿನಲ್ಲಿ ಹಡಗು ಹೊರಟಾಗ ಅದನ್ನು ದಡದ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಹೋಗುವುದು ಪದ್ಧತಿ. ಬೊಂಬಾಯಿಯಲ್ಲಿ ಅದರ ಕೆಲಸವಿಲ್ಲ. ಮತ್ತೆ ಮೇ ತಿಂಗಳಲ್ಲಿ ಬಂದಾಗಲೇ ಅದು ಬೇಕು.

ಇನ್ನೊಂದು ಕಟ್ಟಳೆಯನ್ನೂ ಈಗಲೇ ಹೇಳಬೇಕು. ಹಡಗಿನಲ್ಲಿ ಡೆಕ್ಕಿನವರು ಬೇರೆ, ಇಂಜಿನ್ನಿನವರು ಬೇರೆ. ಹಗ್ಗ, ಲಂಗರು, ಸರಕು, ದಿಕ್ಕು ಅವರದ್ದು. ಬೆಂಕಿ, ನೀರು, ಹಬೆ ನಮ್ಮದು. ಒಬ್ಬರ ವಿಷಯದಲ್ಲಿ ಇನ್ನೊಬ್ಬರು ಮೂಗು ತೂರಿಸಬಾರದು. ನಮ್ಮ ತಂಡೇಲರು, ಅಂದರೆ ಹಡಗು ನಡೆಸುವವರು, ಹತ್ತು ವರ್ಷದಲ್ಲಿ ಒಮ್ಮೆಯೂ ಇಂಜಿನ್ ಕೋಣೆಯ ಏಣಿ ಇಳಿದವರಲ್ಲ. ನಾನೂ ಅಷ್ಟೇ, ಅವರ ಹಗ್ಗದ ಗಂಟು ತಪ್ಪಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಈ ಕಟ್ಟಳೆಯ ಬಗ್ಗೆ ನನಗೆ ಆಗ ಭಾರೀ ಹೆಮ್ಮೆ.

ತಂಡೇಲರು ಬೋಳೂರಿನ ಮೊಗವೀರರು. ನನ್ನನ್ನು ಹಡಗಿಗೆ ತಂದವರೇ ಅವರು. ನಮ್ಮದು ಬಂದರಿನಲ್ಲಿ ಒಣಮೀನು, ಮೆಣಸಿನ ವ್ಯಾಪಾರದ ಬ್ಯಾರಿ ಮನೆತನ. ಮಗ ಅಂಗಡಿಯ ಗಲ್ಲೆಯಲ್ಲಿ ಕೂರುವುದು ಬಿಟ್ಟು ಫೌಂಡ್ರಿಯಲ್ಲಿ ಮಸಿ ಮೆತ್ತಿಕೊಳ್ಳುವುದು ಬಾಪನಿಗೆ ಸ್ವಲ್ಪವೂ ಹಿಡಿಸಿರಲಿಲ್ಲ. ತಂಡೇಲರು ಒಂದು ದಿನ ಅಂಗಡಿಗೆ ಬಂದು, ನಾಲ್ಕು ಗೋಣಿಗಳ ನಡುವೆ ಕೂತು, "ಇವನ ಕೈಯಲ್ಲಿ ಕೆಲಸ ಉಂಟು ಸಾಹುಕಾರ್ರೆ, ಮೆಣಸು ತೂಗಿಸಿ ಹಾಳು ಮಾಡ್ಬೇಡಿ" ಎಂದಿದ್ದರು. ಬಾಪ ಸಿಟ್ಟಿನಲ್ಲಿಯೇ ಒಪ್ಪಿದರು. ಅಂದಿನಿಂದ ನಾನು ಅವರನ್ನು ಅಣ್ಣ ಎಂದೇ ಕರೆದವನು. ಬಾಯಿಮಾತಿಗಲ್ಲ, ಮನಸ್ಸಿನಿಂದ.

ತಗಡು ದಬ್ ಎಂದ ವಾರದಲ್ಲೇ ಬಹರೈನಿನಿಂದ ನನ್ನ ಭಾವನ ಕಾಗದ ಬಂತು. ಅಕ್ಕನ ಗಂಡ ಅಲ್ಲಿ ಎಣ್ಣೆ ಕಂಪೆನಿಯ ವರ್ಕ್‌ಶಾಪಿನಲ್ಲಿದ್ದ. ಬಾಯ್ಲರು ತಿಳಿದವರು ಬೇಕಾಗಿದ್ದಾರೆ, ಆಗಸ್ಟಿನಲ್ಲಿ ಬೊಂಬಾಯಿಗೆ ಬಂದು ಕೈಪರೀಕ್ಷೆ ಕೊಟ್ಟರೆ ಸಾಕು, ನಾನು ಮಾತಾಡಿದ್ದೇನೆ ಎಂದು ಬರೆದಿದ್ದ. ಕಾಗದವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನೇರ ತಂಡೇಲರ ಬಳಿಗೆ ಹೋದೆ. ದೋಣಿ ನಿಲ್ಲುವ ಧಕ್ಕೆಯ ಪಕ್ಕದ ಹೋಟೆಲಿನಲ್ಲಿ ಅವರು ಚಾ ಕುಡಿಯುತ್ತಿದ್ದರು.

"ಹೋಗ್ತೀಯಾ?" ಎಂದರು.

"ನೀವು ಎಂತ ಹೇಳ್ತೀರಿ ಅಣ್ಣ?"

ಅವರು ಸಾಸರಿಗೆ ಚಾ ಸುರಿದು, ಊದಿ, ಕುಡಿದು ಮುಗಿಸಿದರು. "ನೀನು ಹೋದ್ರೆ ದೊಡ್ಡಮ್ಮನ ಕಥೆ ಮುಗೀತು ಮಾರಾಯ. ಆ ತಳ ಸರಿ ಮಾಡ್ಲಿಕ್ಕೆ ಈ ಬಂದರಿನಲ್ಲಿ ಬೇರೆ ಯಾರುಂಟು? ಸರ್ಕಾರಿ ಸರ್ವೇಯರ್ ಹಡಗನ್ನು ಪಾಸ್ ಮಾಡದಿದ್ರೆ ಇಪ್ಪತ್ತೆರಡು ಜನ ಮನೆಯಲ್ಲಿ ಕೂರ್ಬೇಕು. ಈ ಒಂದು ಮಳೆಗಾಲ ನಿಲ್ಲು. ಬಹರೈನ್ ಎಲ್ಲಿಗೂ ಓಡಿ ಹೋಗುದಿಲ್ಲ."

ಅವರೇ ನನ್ನನ್ನು ದಣಿಯ ಗೋದಾಮಿಗೆ ಕರೆದುಕೊಂಡು ಹೋದರು. ದಣಿ ನನ್ನ ಹೆಗಲ ಮೇಲೆ ಕೈಯಿಟ್ಟರು. "ಪಾಸ್ ಮಾಡಿಸಿ ಕೊಡು. ಇನ್ನು ಐದು ವರ್ಷ ಅವಳನ್ನು ಓಡಿಸುವವ ನೀನೇ. ತಗಡು, ಬೋಲ್ಟು, ಎಂತ ಬೇಕೋ ಫೌಂಡ್ರಿಗೆ ಹೇಳು." ಆ ಹೆಗಲು ಹಿಗ್ಗಿಹೋಯಿತು. ಮನೆಗೆ ಬಂದು ಭಾವನಿಗೆ ಬರುವುದಿಲ್ಲವೆಂದು ಬರೆದೆ.

ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ನಮ್ಮ ಹಿರಿಯ ಫಯರ್‌ಮನ್, ಕುಲುಮೆಗೆ ಕಲ್ಲಿದ್ದಲು ಹಾಕುವವರು, ಬೆಂಗ್ರೆಯವರು, ನನಗಿಂತ ಹದಿನೈದು ವರ್ಷ ದೊಡ್ಡವರು. ಅವರ ತಂಗಿಯ ಮಗ ಮೀನುಗಾರಿಕೆಗೆ ಹೊಸತಾಗಿ ಬಂದ ಮೆಷಿನ್ ದೋಣಿ ತೆಗೆದುಕೊಳ್ಳುವವನಿದ್ದ, ಮಾವನನ್ನೇ ಇಂಜಿನ್ನಿಗೆ ಕರೆದಿದ್ದ. ಅವರು ನನ್ನ ಬಳಿ ಬಂದು ಕೇಳಿದರು.

"ಡ್ರೈವರೇ, ನಾನು ಅಲ್ಲಿ ಸೇರ್ಲಾ? ಹಡಗು ಮತ್ತೆ ಹೊರಡ್ತದಾ?"

"ಹೊರಡ್ತದೆ. ನಾನು ನಿಲ್ತೇನೆ, ನೀವೂ ನಿಲ್ಲಿ. ಐದು ವರ್ಷಕ್ಕೆ ಯೋಚನೆಯಿಲ್ಲ" ಎಂದೆ. ದಣಿಯ ಮಾತನ್ನು ನನ್ನ ಮಾತೆಂಬಂತೆ ಹೇಳಿದೆ. ಅವರು ತಲೆಯಾಡಿಸಿ ಹೋದರು. ಆ ದೋಣಿಗೆ ಬೇರೆ ಯಾರೋ ಸೇರಿದರು.

ಕೆಲಸ ಶುರುವಾಯಿತು. ಹಡಗನ್ನು ನೀರಿನಿಂದ ಹೊರತೆಗೆದು ಒಣದಂಡೆಗೆ ಹಾಕಿ ರಿಪೇರಿ ಮಾಡುವ ಅನುಕೂಲ ಮಂಗಳೂರಿನಲ್ಲಿ ಆಗ ಇರಲಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ಹಡಗನ್ನು ಬೆಂಗ್ರೆಯ ಹೊಯಿಗೆಗೆ, ಅಂದರೆ ಮರಳಿಗೆ, ತಾಗಿಸಿ ನಿಲ್ಲಿಸಿದೆವು. ಒಳಗೆ ಎಡಮಗ್ಗುಲಿಗೆ ಒಡಕು ಹಂಚು ಮತ್ತು ಒದ್ದೆ ಹೊಯಿಗೆ ತುಂಬಿದೆವು. ಇಳಿತದಲ್ಲಿ ಅವಳು ಎಡಕ್ಕೆ ವಾಲಿ ಮಲಗಿ, ಬಲಗಡೆಯ ತಳ ನೀರಿನಿಂದ ಹೊರಗೆ ಬರುತ್ತಿತ್ತು. ದಿನಕ್ಕೆ ಸಿಗುವುದು ಹೆಚ್ಚೆಂದರೆ ಮೂರು ಗಂಟೆ. ಅದೂ ತಿಂಗಳಿಗೆ ಎಂಟೋ ಹತ್ತೋ ದಿನ. ಮಳೆ ಹೊಯ್ಯುತ್ತಿದ್ದರೆ ಅದೂ ಇಲ್ಲ.

ಮೊದಲು ಒಳಗಿನ ಹಳೆಯ ಸಿಮೆಂಟನ್ನು ಉಳಿಯಿಂದ ಕಿತ್ತೆವು. ಆಮೇಲೆ ತಗಡಿನಲ್ಲಿ ಅಲ್ಲಲ್ಲಿ ಕಿರುಬೆರಳಿನ ಗಾತ್ರದ ತೂತು ಕೊರೆದು, ಕೊಕ್ಕೆಯ ತಂತಿ ತೂರಿಸಿ ಎಷ್ಟು ದಪ್ಪ ಉಳಿದಿದೆಯೆಂದು ನೋಡಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ಬರೆಯುವುದು. ಅರ್ಧ ಇಂಚಿಗೂ ಮಿಕ್ಕಿದ್ದ ಕಬ್ಬಿಣ ಕೆಲವು ಕಡೆ ಬಾಳೆ ಎಲೆಯ ದಂಟಿನ ಸಿಪ್ಪೆಯಷ್ಟು ಉಳಿದಿತ್ತು. ಹಳೆಯ ತಗಡು ಕಿತ್ತು ಹೊಸದು ಹಾಕುವುದು ನಮ್ಮಿಂದಾಗದ ಮಾತು. ಒಳಗಿನಿಂದ ಅದರ ಮೇಲೆ ಇನ್ನೊಂದು ತಗಡನ್ನು ಅದೇ ಬಾಗಿಗೆ ಬಗ್ಗಿಸಿ ಕೂರಿಸಿ, ನಡುವೆ ಕೆಂಪು ಸೀಸದ ಬಣ್ಣ ಬಳಿದ ದಪ್ಪ ಬಟ್ಟೆಯಿಟ್ಟು, ಬೋಲ್ಟಿನಲ್ಲಿ ಬಿಗಿಯಬೇಕು. ಬಾಗಿನ ಅಳತೆಗೆ ತೆಳು ಹಲಗೆಯ ಅಚ್ಚು ಮಾಡಿ ಫೌಂಡ್ರಿಗೆ ಹೊತ್ತೆವು. ಮೊದಲ ತಗಡು ಸರಿ ಕೂರಲಿಲ್ಲ, ಒಂದು ಮೂಲೆಯಲ್ಲಿ ಬೆರಳು ಹೋಗುವಷ್ಟು ಸಂದು. ಫೌಂಡ್ರಿಯವರು ನನ್ನ ಅಚ್ಚೇ ತಪ್ಪೆಂದರು, ನಾನು ಅವರ ಕುಲುಮೆ ತಪ್ಪೆಂದೆ. ಅಚ್ಚು ಮಳೆಗೆ ಉಬ್ಬಿತ್ತು ಎನ್ನುವುದು ಇಬ್ಬರಿಗೂ ಆಮೇಲೆ ಹೊಳೆಯಿತು. ತಗಡನ್ನು ಮತ್ತೆ ಕಾಯಿಸಿ ಬಗ್ಗಿಸಬೇಕಾಯಿತು.

ಬೋಲ್ಟು ಹಾಕಲು ಇಬ್ಬರು ಬೇಕು, ಒಬ್ಬ ಹೊರಗೆ, ಒಬ್ಬ ಒಳಗೆ. ಹೊರಗೆ ಕೆಸರಿನಲ್ಲಿ ಸೊಂಟದವರೆಗೆ ನಿಂತು ಬೋಲ್ಟು ತೂರಿಸುವವರು ಹಿರಿಯ ಫಯರ್‌ಮನ್. ಒಳಗೆ ಮಲಗಿಕೊಂಡು ನಟ್ಟು ಬಿಗಿಯುವವನು ನಾನು. ಮಾತು ಕೇಳಿಸದು. ನನ್ನ ಸುತ್ತಿಗೆಯನ್ನು ಅವರಿಗೆ ಕೊಟ್ಟಿದ್ದೆ. ಒಂದು ಪೆಟ್ಟು ಬಿದ್ದರೆ ಬೋಲ್ಟು ಬಂತು, ಎರಡು ಬಿದ್ದರೆ ಬಿಗಿ ಮಾಡು, ಮೂರು ಬಿದ್ದರೆ ನೀರು ಏರುತ್ತಿದೆ, ಸಾಕು. ಎರಡು ತಿಂಗಳು ನಾವಿಬ್ಬರು ಮಾತಾಡಿದ್ದು ಹೆಚ್ಚಾಗಿ ಹೀಗೆಯೇ.

ಜುಲೈಯಲ್ಲಿ ಒಂದು ದಿನ ಮೂರನೆಯ ತಗಡಿಗೆ ತೂತು ಕೊರೆದು ಮುಗಿಸಿದ್ದೆವು. ಹನ್ನೆರಡು ತೂತು ಬಾಯಿ ತೆರೆದುಕೊಂಡಿದ್ದವು, ಬೋಲ್ಟು ಒಂದಕ್ಕೂ ಬಿದ್ದಿರಲಿಲ್ಲ. ಮೂರು ಪೆಟ್ಟು ಕೇಳಿಸಿತು. ಇಳಿತ ಮುಗಿಯಲು ಇನ್ನೂ ಒಂದು ಗಂಟೆಯಿತ್ತು, ಹಾಗಾಗಿ ನನಗೆ ನಂಬಿಕೆ ಬರಲಿಲ್ಲ. ಮತ್ತೆ ಮೂರು. ಘಟ್ಟದಲ್ಲಿ ಸುರಿದ ಮಳೆ ಹೊಳೆಯಲ್ಲಿ ಒಮ್ಮೆಲೇ ಇಳಿದಿತ್ತು. ನೋಡನೋಡುತ್ತಿದ್ದಂತೆ ಹನ್ನೆರಡು ತೂತಿನಿಂದಲೂ ಕೆಂಪು ನೀರು ಚಿಮ್ಮಿ ನನ್ನ ಮುಖಕ್ಕೇ ಹೊಡೆಯಿತು. ಒಳಗಿನಿಂದ ಬೆಣೆ ಹೊಡೆದರೆ ನೀರೇ ಅದನ್ನು ವಾಪಸು ತಳ್ಳುತ್ತದೆ, ಹೊರಗಿನಿಂದಲೇ ಹೊಡೆಯಬೇಕು. ಆ ಮನುಷ್ಯ ಕುತ್ತಿಗೆವರೆಗಿನ ನೀರಿನಲ್ಲಿ ನಿಂತು, ಕೊನೆಯ ನಾಲ್ಕಕ್ಕೆ ಮುಳುಗಿ ಮುಳುಗಿ, ಬಟ್ಟೆ ಸುತ್ತಿದ ಮರದ ಬೆಣೆಗಳನ್ನು ಹೊಡೆದರು. ಬಾಯ್ಲರಿನ ಕೆಳಗೆ ನೀರು ಮೊಣಕಾಲಿಗೆ ಬಂದಿತ್ತು. ನಾವು ಕೈಪಂಪಿಗೆ ಬಿದ್ದೆವು. ಅವರು ಮೇಲೆ ಬಂದಾಗ ಅಂಗೈ ತಗಡಿನ ಅಂಚಿಗೆ ಸೀಳಿ ಬಾಯಿ ಬಿಟ್ಟಿತ್ತು.

"ಇದು ಹೋಗಿದ್ರೆ ನಿಮ್ಮ ಐದು ವರ್ಷ ಹೋಗ್ತಿತ್ತು ಡ್ರೈವರೇ" ಎಂದು ನಕ್ಕರು.

ತಂಡೇಲರು ದಿನವೂ ಬಂದು ದಡದಲ್ಲಿ ಕೊಡೆ ಹಿಡಿದು ನಿಲ್ಲುತ್ತಿದ್ದರು. "ಆಯ್ತಾ? ಎಷ್ಟಾಯ್ತು?" ಎಂದು ಕೇಳುವರು. ಅವರ ಮುಖದಲ್ಲಿ ಕಾಣುತ್ತಿದ್ದ ಕಾತರವನ್ನು ನಾನು ಹಡಗಿನ ಮೇಲಿನ ಪ್ರೀತಿಯೆಂದು ತಿಳಿದಿದ್ದೆ.

ಆಗಸ್ಟಿನಲ್ಲಿ ಬಾಯ್ಲರ್. ಒಂಬತ್ತು ಕೊಳವೆ ಬದಲಾಯಿಸಿದೆವು. ತಣ್ಣೀರು ತುಂಬಿ ಕೈಪಂಪಿನಿಂದ ಒತ್ತಡ ಏರಿಸಿ ನಿಲ್ಲಿಸಿದರೆ, ಗಡಿಯಾರದಂಥ ಮಾಪಕದ ಮುಳ್ಳು ಅಲ್ಲಾಡಬಾರದು. ಮೊದಲ ಸಲ ಮುಳ್ಳು ಇಳಿಯಿತು. ಎಲ್ಲಿ ಸೋರುತ್ತದೆಂದು ಕಾಣದೆ ಎರಡು ದಿನ ತಲೆ ಚಚ್ಚಿಕೊಂಡೆ. ಹೊಸ ಕೊಳವೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷೆ ಮಾಡಿದ ಮೇಲೆ ತಿಳಿಯಿತು, ಸೋರುತ್ತಿದ್ದದ್ದು ಹಳೆಯ ಕೊಳವೆ. ಹೊಸದರ ಮೇಲೆಯೇ ನನಗೆ ಅನುಮಾನ, ಹಳೆಯದರ ಮೇಲೆ ಪೂರಾ ವಿಶ್ವಾಸ. ಸೆಪ್ಟೆಂಬರಿನಲ್ಲಿ ಸರ್ವೇಯರ್ ಬಂದರು. ಕೋಟು ಕಳಚಿ, ಬಾಯ್ಲರಿನ ಅಡಿಗೆ ತಾವೇ ತೆವಳಿ, ನನ್ನ ಮೂರು ತಗಡುಗಳನ್ನು ಬಡಿದು ನೋಡಿದರು. ಹೊರಗೆ ಬಂದು, "ಇದನ್ನು ಯಾರು ಮಾಡಿದ್ದು?" ಎಂದು ಕೇಳಿ ನನ್ನ ಕೈಕುಲುಕಿದರು. ಮಸಿಯ ಕೈಯನ್ನು ಒರೆಸಿಕೊಳ್ಳಲೂ ಬಿಡಲಿಲ್ಲ. ದೊಡ್ಡಮ್ಮ ಪಾಸಾದಳು. ಆ ಸಂಜೆ ನಾನು ಬಾಪನ ಅಂಗಡಿಯ ಮುಂದೆ ಎದೆಯುಬ್ಬಿಸಿ ಎರಡು ಸಲ ಸುಮ್ಮನೆ ಅತ್ತಿತ್ತ ನಡೆದೆ.

ಹೊರಡುವ ದಿನ ಬೆಳಿಗ್ಗೆ ನಾನು ಬೆಂಕಿ ಹಾಕಿಸಿ, ಹಬೆ ಏರುವುದನ್ನು ಕಾಯುತ್ತಿದ್ದೆ. ಹಿರಿಯ ಫಯರ್‌ಮನ್ ಮೇಲಿನಿಂದ ಇಳಿದು ಬಂದರು.

"ಡ್ರೈವರೇ, ಸ್ವಲ್ಪ ಮೇಲೆ ಬಂದು ನೋಡಿ."

ಹೋದೆ. ಡೆಕ್ಕಿನವರು ಮಳೆಗಾಲದ ಹಗ್ಗವನ್ನು ದಡದಿಂದ ಎಳೆದು ಹಡಗಿನ ಮೇಲೆ ಸುತ್ತಿ ಇಡುತ್ತಿದ್ದರು. ಎರಡು ಹಳೆಯ ಲಂಗರುಗಳೂ ಬಂದಿದ್ದವು. ಕೊಟ್ಟಿಗೆಯ ಬಾಗಿಲು ತೆರೆದೇ ಇತ್ತು, ಒಳಗೆ ಏನೂ ಉಳಿದಿರಲಿಲ್ಲ.

"ಇದನ್ನು ಯಾಕೆ ಕೊಂಡುಹೋಗುದು? ಬರುವ ಮೇಯಲ್ಲಿ ಎಂತದರಲ್ಲಿ ಕಟ್ಟುದು?" ಎಂದು ಅವರು ಮೆಲ್ಲಗೆ ಕೇಳಿದರು.

ನನಗೂ ಒಂದು ಕ್ಷಣ ಏನೋ ಅನ್ನಿಸಿತು. ತಂಡೇಲರ ಕಡೆ ನೋಡಿ, "ಅಣ್ಣ, ಹಗ್ಗ?" ಎಂದೆ.

"ನಿನ್ನ ಸ್ಟೀಮ್ ನೀನು ನೋಡು ಮಾರಾಯ" ಎಂದರು ಅವರು, ತಿರುಗಿ ನೋಡದೆ.

ಕಟ್ಟಳೆ ನೆನಪಾಗಿ ನನಗೇ ನಾಚಿಕೆಯಾಯಿತು. ಫಯರ್‌ಮನ್ನರಿಗೆ ತುಸು ಗಡುಸಾಗಿಯೇ ಹೇಳಿದೆ: "ಅದು ಡೆಕ್ಕಿನವರ ವಿಷಯ. ನಮಗೆ ಎಂತಕ್ಕೆ? ಕೆಳಗೆ ಬನ್ನಿ." ಅವರು ಏಣಿ ಇಳಿದು ಬಂದು ಸಲಿಕೆ ಹಿಡಿದರು.

ಅಳಿವೆ ದಾಟಿ ಹೊರಗೆ ನಿಂತು ಹಂಚು ತುಂಬಿಸಿಕೊಂಡೆವು. ದಣಿ ಎಂಥ ಮನುಷ್ಯ ನೋಡಿ, ಆ ಪ್ರಯಾಣವನ್ನೂ ಖಾಲಿ ಬಿಡಲಿಲ್ಲ. ಬೊಂಬಾಯಿವರೆಗೆ ದೊಡ್ಡಮ್ಮ ಓಡಿದ ರೀತಿ ನನ್ನ ಜೀವಮಾನದಲ್ಲಿ ಮರೆಯುವಂಥದ್ದಲ್ಲ. ಸಣ್ಣ ಸಿಲಿಂಡರಿನಲ್ಲಿ ದುಡಿದ ಹಬೆ ದೊಡ್ಡದಕ್ಕೆ ಹೋಗಿ ಮತ್ತೊಮ್ಮೆ ದುಡಿಯುವುದು, ಆ ಎರಡರ ಸದ್ದು ಒಂದರ ಹಿಂದೆ ಒಂದು ತಪ್ಪದೆ ಬೀಳುತ್ತಿತ್ತು. ಬಾಯ್ಲರಿನ ಅಡಿಗೆ ಕೈ ಹಾಕಿ ನೋಡಿದರೆ ನನ್ನ ತಗಡುಗಳು ಒಣಗಿ ಕೂತಿದ್ದವು. ಒಂದು ಹನಿಯಿಲ್ಲ. ನಾಲ್ಕು ದಿನ ನಾನು ಅಲ್ಲಿಯೇ ಉಂಡೆ, ಅಲ್ಲಿಯೇ ಮಲಗಿದೆ.

ಬೊಂಬಾಯಿಯಲ್ಲಿ ಹಂಚು ಇಳಿಯಿತು. ಉಪ್ಪು ಬರಲಿಲ್ಲ. ಮೂರು ದಿನ ಸುಮ್ಮನೆ ಲಂಗರು ಹಾಕಿ ಕೂತೆವು. ನಾಲ್ಕನೆಯ ದಿನ ತಂಡೇಲರು ದಡಕ್ಕೆ ಹೋಗಿ, ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದ ಒಬ್ಬ ಮನುಷ್ಯನನ್ನು ಕರೆತಂದರು. ನಾನು ಗಾಳಿಗೆಂದು ಮೇಲೆ ಬಂದಿದ್ದೆ. ಆತ ದೀಪ ಎಣಿಸಿದ, ಗಂಟೆ ಬಾರಿಸಿ ನೋಡಿದ, ಆಮೇಲೆ ಮಳೆಗಾಲದ ಹಗ್ಗದ ಮುಂದೆ ಕುಕ್ಕುರುಗಾಲಲ್ಲಿ ಕೂತು ಮೊಳ ಹಾಕಿ ಅಳೆಯತೊಡಗಿದ. ತಂಡೇಲರನ್ನು ಹುಡುಕಿದೆ, ಅವರು ನನ್ನ ಕಣ್ಣಿಗೆ ಸಿಕ್ಕದ ಹಾಗೆ ಚುಕ್ಕಾಣಿಯ ಕೋಣೆ ಸೇರಿದ್ದರು. ಆಗಲೂ ನನ್ನ ಮನಸ್ಸು ಒಪ್ಪಲಿಲ್ಲ. ಬೇರೆ ಯಾವುದೋ ಲೆಕ್ಕವಿರಬೇಕು ಎಂದುಕೊಂಡೆ. ನಂಬಿದವನ ಮೇಲೆ ಅನುಮಾನ ಪಡುವುದಕ್ಕೆ ನನಗೆ ಅಭ್ಯಾಸವಿರಲಿಲ್ಲ.

ಮರುದಿನ ಅಮಾವಾಸ್ಯೆ. ಬೆಳಿಗ್ಗೆಯೇ ಹಬೆ ಏರಿಸಲು ಹೇಳಿದರು, ಜಾಗ ಬದಲಾಯಿಸುವುದಿದೆಯೆಂದು. ಚುಕ್ಕಾಣಿಯ ಕೋಣೆಯಿಂದ ನಮಗೆ ಅಪ್ಪಣೆ ಕೊಡುವ ಗಂಟೆ ಒಂದು ಸಲ ಬಾರಿಸಿತು, ಮುಂದಕ್ಕೆ ಬಿಟ್ಟೆ. ಎರಡು ಸಲ ಬಾರಿಸಿತು, ನಿಲ್ಲಿಸಿದೆ. ಬಹಳ ಹೊತ್ತು ಏನೂ ಇಲ್ಲ. ಏಣಿ ಹತ್ತಿ ತಲೆ ಹೊರಗೆ ಹಾಕಿದೆ. ಎದುರಿಗೆ ಕಪ್ಪು ಕೆಸರಿನ ದಂಡೆ, ಹಳೆಯ ಹಡಗು ಒಡೆಯುವ ಜಾಗ. ದಂಡೆಯ ಮೇಲೆ ಹಡಗುಗಳು, ಒಂದಕ್ಕೆ ಮೂತಿಯಿಲ್ಲ, ಒಂದಕ್ಕೆ ಹಿಂಬದಿಯಿಲ್ಲ, ಇನ್ನೊಂದರ ಬರಿಯ ಪಕ್ಕೆಲುಬು ನಿಂತಿತ್ತು. ದೊಡ್ಡಮ್ಮನ ಮೂತಿ ನೇರ ಆ ಕಡೆಗಿತ್ತು.

ಕೆಳಗಿಳಿದು ಹಬೆಯ ವಾಲ್ವನ್ನು ಪೂರ್ತಿ ಮುಚ್ಚಿದೆ. ಗಂಟೆ ಬಾರಿಸಿತು, ನಾಲ್ಕು ಸಲ. ಪೂರ್ತಿ ವೇಗ. ನಾನು ಕೈ ಕಟ್ಟಿ ನಿಂತೆ. ಮತ್ತೆ ನಾಲ್ಕು. ಹಿರಿಯ ಫಯರ್‌ಮನ್ ಸಲಿಕೆ ಹಿಡಿದುಕೊಂಡೇ ನನ್ನ ಮುಖ ನೋಡಿದರು.

ಆಗ ಏಣಿಯ ಮೇಲೆ ಕಾಲು ಕಾಣಿಸಿತು. ಹತ್ತು ವರ್ಷದಲ್ಲಿ ಮೊದಲ ಸಲ ತಂಡೇಲರು ಇಂಜಿನ್ ಕೋಣೆಗೆ ಇಳಿದರು.

"ಉಬ್ಬರ ಇನ್ನು ಅರ್ಧ ಗಂಟೆ ಮಾತ್ರ ಉಂಟು. ಬಿಡು ಮಾರಾಯ, ಸ್ಟೀಮ್ ಬಿಡು."

"ಯಾವಾಗ ಮಾರಿದ್ದು?"

ಅವರು ಬೆವರು ಒರೆಸಿಕೊಂಡರು. "ಅದನ್ನೆಲ್ಲ ಆಮೇಲೆ ಮಾತಾಡುವಾ."

"ಯಾವಾಗ ಅಣ್ಣ?"

"ಮೇಯಲ್ಲಿ."

"ನನಗೆ ಕಾಗದ ಬರುವ ಮೊದಲಾ, ಆಮೇಲಾ?"

ಅವರು ನೆಲ ನೋಡಿದರು. "ಮೊದಲು" ಎಂದರು. ಆಮೇಲೆ ಒಂದೇ ಉಸಿರಿಗೆ ಹೇಳತೊಡಗಿದರು. "ಮಂಗಳೂರಿನಲ್ಲಿ ಇವಳನ್ನು ಯಾರು ತೆಗೆದುಕೊಳ್ತಾರೆ? ಬೊಂಬಾಯಿಗೆ ಬಂದರೆ ಮಾತ್ರ ದಣಿಗೆ ಬೆಲೆ. ಬರ್ಬೇಕಾದ್ರೆ ಪಾಸಿನ ಕಾಗದ ಬೇಕು. ಕಾಗದಕ್ಕೆ ತಳ ಬೇಕು."

"ತಳಕ್ಕೆ ನಾನು ಬೇಕು."

"ನಿಜ ಹೇಳಿದ್ರೆ ನೀನು ಹಾಗೆ ಕೆಲಸ ಮಾಡ್ತಿದ್ದೆಯಾ? ನನಗೂ ಸಂಸಾರ ಉಂಟಲ್ಲ. ದಣಿ ಹೊಸ ಮೋಟಾರ್ ಲಾಂಚ್ ತೆಗೀತಾರೆ, ಅದಕ್ಕೆ ನನ್ನನ್ನು ಇಟ್ಟುಕೊಳ್ತಾರೆ. ನಿನ್ನ ಬಗ್ಗೆಯೂ ಹೇಳ್ತೇನೆ."

ದಣಿಯ ಮೇಲೆ ನನಗೆ ಅಷ್ಟು ಸಿಟ್ಟು ಬರಲಿಲ್ಲ. ದಣಿಯೆಂದರೆ ದಣಿ, ಟೋಪಿ ಹಾಕುವುದು ಅವರ ಕಸುಬು. ಆದರೆ ಈ ಮನುಷ್ಯ ನಮ್ಮ ಅಂಗಡಿಯ ಗೋಣಿಗಳ ನಡುವೆ ಕೂತು ನನ್ನ ಕೈಯನ್ನು ಹೊಗಳಿದವರು. ಅದೇ ಕೈಯನ್ನು ನಂಬಿ, ಅದೇ ಕೈಯಿಂದ ನನ್ನ ಕಣ್ಣಿಗೆ ಮಣ್ಣೆರಚಿಸಿದರು. ಸುತ್ತಿಗೆ ಹತ್ತಿರದಲ್ಲಿರಲಿಲ್ಲ, ಒಳ್ಳೆಯದಾಯಿತು.

ನಿಲ್ಲಿಸುವುದು ನನ್ನ ಕೈಯಲ್ಲಿತ್ತು. ಬೆಂಕಿಯನ್ನು ಎಳೆದು ಹಾಕಿದರೆ ಉಬ್ಬರ ಇಳಿದುಹೋಗುತ್ತದೆ, ಮುಂದಿನ ಹುಣ್ಣಿಮೆಯವರೆಗೆ ಹಡಗು ದಂಡೆ ಹತ್ತದು. ದಣಿಗೆ ಪಾಠವಾಗಬಹುದು. ಆದರೆ ಅಲ್ಲಿಯವರೆಗೆ ಆ ಹಡಗಿನಲ್ಲಿ ಕೂರಬೇಕಾದವರು ದಣಿಯಲ್ಲ, ನಾವು ಇಪ್ಪತ್ತೆರಡು ಜನ. ಅಕ್ಕಿ ನಾಲ್ಕು ದಿನಕ್ಕಿತ್ತು.

"ಎಲ್ಲರನ್ನೂ ಕರೆಯಿರಿ" ಎಂದೆ. "ನನಗೆ ಹೇಳಿದ್ದನ್ನು ಅವರಿಗೂ ನಿಮ್ಮ ಬಾಯಿಂದಲೇ ಹೇಳಿ. ಮೇ ತಿಂಗಳು ಅನ್ನುವುದನ್ನೂ ಸೇರಿಸಿ. ಆಮೇಲೆ ಸ್ಟೀಮ್."

"ಹೊತ್ತು ಹೋಗ್ತದೆ ಮಾರಾಯ!"

"ಹಾಗಾದ್ರೆ ಬೇಗ ಹೇಳಿ."

ಇಂಜಿನ್ ಕೋಣೆಯ ಮೇಲಿನ ಕಿಂಡಿಯ ಸುತ್ತ ಎಲ್ಲರೂ ಬಂದು ಬಗ್ಗಿ ನಿಂತರು. ತಂಡೇಲರು ಕೆಳಗಿನಿಂದ ತಲೆಯೆತ್ತಿ ಹೇಳಿದರು. ದನಿ ಸಣ್ಣದಾಗಿತ್ತು, ಎರಡು ಸಲ ಹೇಳಬೇಕಾಯಿತು. ಮೇಲಿನಿಂದ ಯಾರೋ ಬೈದರು, ಯಾರೋ ಅತ್ತರು, ಯಾರೋ ಬೆಂಕಿ ತೆಗೆಯಿರಿ ಎಂದು ಕೂಗಿದರು. ಹಿರಿಯ ಫಯರ್‌ಮನ್ ಕುಲುಮೆಯ ಬಾಗಿಲು ತೆರೆದು ನಾಲ್ಕು ಸಲಿಕೆ ಕಲ್ಲಿದ್ದಲು ಹಾಕಿ, ಬಾಗಿಲು ಮುಚ್ಚಿ, ಬದಿಗೆ ನಿಂತರು. ಅದೇ ತೀರ್ಮಾನವಾಯಿತು. ನಾನು ವಾಲ್ವ್ ತೆರೆದೆ.

ಅವಳಿಗೆ ಏನು ಗೊತ್ತು, ಪೂರ್ತಿ ವೇಗದಲ್ಲಿ ಹೋದಳು. ಮೊದಲು ತಳದಲ್ಲಿ ಕೆಸರು ಉಜ್ಜುವ ಸದ್ದು, ಆಮೇಲೆ ಇಡೀ ಹಡಗು ಮುಂದಕ್ಕೆ ಮುಗ್ಗರಿಸಿ ನಿಂತಿತು. ಇಂಜಿನ್ ಇನ್ನೂ ತಿರುಗುತ್ತಲೇ ಇತ್ತು. ಗಂಟೆ ಎರಡು ಸಲ ಬಾರಿಸಿತು. ಹಬೆ ಮುಚ್ಚಿ, ಸಿಲಿಂಡರಿನ ನೀರು ಬಿಟ್ಟು, ಬೆಂಕಿ ಎಳೆದು ಹಾಕಿದೆ. ಪ್ರತಿ ಸಲ ಮಾಡುವ ಹಾಗೆಯೇ ಎಲ್ಲವನ್ನೂ ಸಾಲಾಗಿ ಮಾಡಿದೆ. ಕೈಗೆ ಬೇರೆ ಏನೂ ತೋಚಲಿಲ್ಲ.

ಸಂಜೆ ಇಳಿತದಲ್ಲಿ ನಾವು ಟ್ರಂಕು ಹೊತ್ತು ಏಣಿಯಿಂದ ಕೆಸರಿಗೆ ಇಳಿದೆವು. ಹಡಗು ಒಡೆಯುವವರ ಮೇಸ್ತ್ರಿ ಆಗಲೇ ಸುತ್ತಿಗೆ ಹಿಡಿದು ತಳವನ್ನು ಬಡಿಯುತ್ತಾ ಬರುತ್ತಿದ್ದ. ಕೆಸರು ಮೆತ್ತಿದ ಹಳೆಯ ತಗಡು ದಬ್, ದಬ್ ಎನ್ನುತ್ತಿತ್ತು. ಬಲಮಗ್ಗುಲಿಗೆ ಬಂದಾಗ ಠಣ್ ಎಂದಿತು. ಅವನು ನಿಂತು ಮತ್ತೊಮ್ಮೆ ಹೊಡೆದ, ತಲೆಯಾಡಿಸಿದ, ಸೀಮೆಸುಣ್ಣ ತೆಗೆದು ನನ್ನ ಮೂರು ತಗಡುಗಳಿಗೆ ಹೊರಗಿನಿಂದ ಗುರುತು ಹಾಕಿದ. ಮೊದಲು ಬಿಚ್ಚುವುದು ಅದನ್ನೇ, ಹೊಸ ಕಬ್ಬಿಣಕ್ಕೆ ಗಿರಾಕಿ ಬೇಗ ಸಿಗುತ್ತಾರೆಂದು ಯಾರಿಗೋ ಹಿಂದಿಯಲ್ಲಿ ಹೇಳಿದ.

ತಂಡೇಲರು ದೂರದಲ್ಲಿ ಆ ಪುಸ್ತಕದವನ ಜೊತೆ ನಿಂತಿದ್ದರು. ನಾನು ಅವರ ಕಡೆ ಹೋಗಲಿಲ್ಲ, ಅವರೂ ಬರಲಿಲ್ಲ. ಬಹರೈನಿನ ಕೈಪರೀಕ್ಷೆ ಮುಗಿದು ಒಂದು ತಿಂಗಳಾಗಿತ್ತು. ಅದನ್ನು ಮರುದಿನ ಆ ಎಣ್ಣೆ ಕಂಪೆನಿಯ ಆಫೀಸಿಗೆ ಹೋಗಿ ಕೇಳಿಯೇ ತಿಳಿದುಕೊಂಡೆ. ಈಗ ವಯಸ್ಸಾಗಿ ನಾನಿರುವ ಮಂಗಳೂರಿನ ಶಕ್ತಿನಗರದಿಂದ ಕಡಲು ಕಾಣುವುದಿಲ್ಲ, ಅದು ಒಳ್ಳೆಯದೇ.

ಆದರೆ ನನಗೆ ಉಳಿದದ್ದು ತಂಡೇಲರೂ ಅಲ್ಲ, ಬಹರೈನೂ ಅಲ್ಲ. ಕೆಸರಿನಲ್ಲಿ ಹಿರಿಯ ಫಯರ್‌ಮನ್ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ನನ್ನ ಹತ್ತಿರ ಬಂದರು. ಸೊಂಟದಿಂದ ನನ್ನ ಸುತ್ತಿಗೆಯನ್ನು ತೆಗೆದು ಕೊಟ್ಟರು. ಅವರ ಅಂಗೈಯ ಗಾಯ ಆಗಷ್ಟೇ ಮಾಗಿ ಬಿಳಿಯ ಗೆರೆಯಾಗಿತ್ತು.

"ಡ್ರೈವರೇ, ಮೇಯಲ್ಲಿ ನನ್ನನ್ನು ನಿಲ್ಲಿ ಅಂತ ಹೇಳುವಾಗ ನಿಮಗೆ ಗೊತ್ತಿತ್ತಾ?"

"ಅಲ್ಲಾಹನಾಣೆಗೂ ಇಲ್ಲ" ಎಂದೆ. "ನನಗೂ ಮೋಸ ಆದದ್ದೇ ಅಲ್ವಾ?"

ಅವರು ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ ಆ ಕಣ್ಣುಗಳಲ್ಲಿ.

"ಇರಬಹುದು" ಎಂದರು. "ಆದ್ರೆ ಹಗ್ಗವನ್ನು ನಾನು ನಿಮಗೆ ತೋರಿಸಿದ್ದೆ ಅಲ್ವಾ?"

ಟ್ರಂಕನ್ನು ಸರಿಪಡಿಸಿಕೊಂಡು ದಡದ ಕಡೆಗೆ ನಡೆದರು. ನಾನು ಸುತ್ತಿಗೆ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ.